ದೊಡ್ಡ ಒಲೆಯ ಬೂದಿ

"ತಾಯಿ, ನಮ್ಮಲ್ಲೊಬ್ಬಳಿಗೆ ಇನ್ನೊಬ್ಬಳ ಮೇಲೆ ಹೊಟ್ಟೆಕಿಚ್ಚು ಎದ್ದಿದೆ. ಅದನ್ನು ಆರಿಸುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಗುರುತಾಯಿ ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದರು. ಯಾರಿಗೆ, ಯಾರ ಮೇಲೆ ಎಂದು ತಲೆ ಎತ್ತದೆ ಕೇಳಿದರು.

ಹೆಸರು ಬೇಡ ತಾಯಿ, ಪಾಪ, ಅವಳಿಗೂ ಮಾನವಿದೆ ಎಂದಳು ಶಿಷ್ಯೆ. ಮಠಕ್ಕೆ ಹೊಸದಾಗಿ ಬಂದವಳು ಹಾಡಲು ಕೂತರೆ ಜನ ಕಣ್ಣು ಮುಚ್ಚಿ ಕೇಳುತ್ತಾರೆ. ಮೊದಲಿನಿಂದ ಹಾಡಿಕೊಂಡು ಬಂದವಳಿಗೆ ಅದನ್ನು ಸಹಿಸಲಾಗಲಿಲ್ಲ. ಮೊನ್ನೆ ನೋಡಿದರೆ ಹೊಸಬಳ ತಂಬೂರಿಯ ತಂತಿ ಹರಿದುಬಿದ್ದಿತ್ತು. ಇಲಿ ಕಡಿದಿರಬೇಕು ಎಂದು ಎಲ್ಲರೂ ಸುಮ್ಮನಾದರು. ಇಷ್ಟನ್ನೂ ಶಿಷ್ಯೆ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡೇ ಹೇಳಿದಳು.

"ತಂತಿ ಕಡಿಯುವ ಇಲಿ," ಎಂದರು ಗುರುತಾಯಿ. "ಹೆಸರು ಬೇಡ ಬಿಡು. ನಾನು ಹೇಳುವ ಕತೆಯಲ್ಲೂ ಹೆಸರಿಲ್ಲ. ಕೂತುಕೋ."

ಒಂದು ಊರು. ಊರಲ್ಲಿ ಒಂದು ಮನೆ. ಆ ಮನೆಗೆ ಇಬ್ಬರು ಸೊಸೆಯರು.

ಹಿರಿಯ ಸೊಸೆಯ ಕೈಯಲ್ಲಿ ಒಲೆ ಇತ್ತು. ದಾರಿಹೋಕರು, ಗಾಡಿಯವರು, ಹಸಿದವರು ಯಾರೇ ಬಂದರೂ ಎಲೆ ಹಾಕುತ್ತಿದ್ದ ಮನೆ ಅದು. ಬೆಳಗ್ಗೆ ಹೊತ್ತಿದ ಬೆಂಕಿ ದೀಪ ಹಚ್ಚುವವರೆಗೆ ಆರುತ್ತಿರಲಿಲ್ಲ. ಆದ್ದರಿಂದ ಜನ ಅದನ್ನು ದೊಡ್ಡ ಒಲೆಯ ಮನೆ ಎಂದು ಕರೆದರು. ಅತ್ತೆ ಸೌಟನ್ನು ಹಿರಿಯವಳ ಕೈಗೆ ಕೊಟ್ಟ ಮೇಲೆ ಆ ಹೆಸರು ಇನ್ನೂ ದೂರ ಹೋಯಿತು. ಅವಳು ಹುಳಿಗೆ ಹಾಕಿದ ಒಗ್ಗರಣೆ ಬೀದಿಯ ಕೊನೆಯವರೆಗೂ ಹೋಗಿ ಉಣ್ಣುವವರನ್ನು ಕೈ ಹಿಡಿದು ಕರೆತರುತ್ತಿತ್ತು. ಯಾರಾದರೂ ಹೊಗಳಿದರೆ, ಏನೋ ಒಂದಿಷ್ಟು ಉಪ್ಪು ಖಾರ ಹಾಕಿ ಬೇಯಿಸಿದ್ದೇನೆ ಎನ್ನುತ್ತಿದ್ದಳು. ಹೊಗಳದೆ ಎದ್ದು ಹೋದವರನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಿದ್ದಳು.

ಅವಳಿಗೊಂದು ನಾಯಿ ಇತ್ತು. ಮದುವೆಯಾಗಿ ಗಾಡಿ ಹತ್ತಿ ಬರುವಾಗ ತವರಿನ ಅಂಗಳದ ಮರಿಯೊಂದು ಗಾಡಿಯ ಹಿಂದೆಯೇ ಓಡಿ ಬಂದಿತ್ತು. ಅಟ್ಟಿದರೂ ಹೋಗಿರಲಿಲ್ಲ. ತವರಿನಿಂದ ತಂದ ಸೀರೆಗಳು ಹರಿದವು, ಪಾತ್ರೆಗಳು ಸವೆದವು. ನಾಯಿ ಉಳಿಯಿತು. ಅಡುಗೆಮನೆಯ ಹೊಸ್ತಿಲು ಅದರ ಜಾಗ. ಅತ್ತೆ ಗದರಿದ ದಿನ, ಗಂಡ ಮುನಿದ ದಿನ ಅವಳು ಆ ಹೊಸ್ತಿಲಲ್ಲಿ ಕೂತು ನಾಯಿಯ ಕಿವಿಯ ಹಿಂದೆ ಕೆರೆಯುತ್ತಿದ್ದಳು. ಅದಕ್ಕಿಂತ ದೊಡ್ಡ ಸಮಾಧಾನವನ್ನು ಅವಳು ಆ ಮನೆಯಲ್ಲಿ ಯಾರಿಂದಲೂ ಬಯಸಿರಲಿಲ್ಲ.

ಆಮೇಲೆ ಕಿರಿಯ ಸೊಸೆ ಬಂದಳು.

ಅವಳದು ಸಾಬೂನು ಕಾಯಿಸುವವರ ಮನೆತನ. ಆದರೆ ಅವಳು ಮನುಷ್ಯರಿಗೆ ಸಾಬೂನು ಮಾಡುತ್ತಿರಲಿಲ್ಲ. ನಾಯಿ, ಬೆಕ್ಕು, ಎತ್ತು, ಕುದುರೆ, ಹೀಗೆ ತುರಿಕೆ ಎಲ್ಲಿ ಎಂದು ಹೇಳಿಕೊಳ್ಳಲು ಬಾರದ ಜೀವಗಳಿಗೆ ಮಾತ್ರ ಮಾಡುತ್ತಿದ್ದಳು. ತಳದಲ್ಲಿ ತೂತಿರುವ ಮಡಕೆಯೊಂದನ್ನು ಹಿತ್ತಿಲ ಕಟ್ಟೆಯ ಮೇಲಿಟ್ಟು, ಒಳಗೆ ಹುಲ್ಲು ಹಾಸಿ, ಬೂದಿ ತುಂಬಿ, ನೀರು ಹೊಯ್ಯುತ್ತಿದ್ದಳು. ಕೆಳಗೆ ತೊಟ್ಟಿಕ್ಕಿದ ಬೂದಿನೀರನ್ನು ಹೊಂಗೆಯ ಎಣ್ಣೆ, ಬೇವಿನ ಎಣ್ಣೆಯ ಜೊತೆ ಕಾಯಿಸಿ, ಉಪ್ಪು ಹಾಕಿ ಗಟ್ಟಿ ಮಾಡಿ, ತೆಂಗಿನ ಚಿಪ್ಪುಗಳಿಗೆ ತುಂಬಿ, ನೆರಳಿನಲ್ಲಿ ಮಾಗಲು ಬಿಡುತ್ತಿದ್ದಳು.

ಮಾಡುವ ಕೆಲಸ ಇಷ್ಟೇ. ಮಾಡುವವಳ ರೀತಿ ಮಾತ್ರ ಯಾರಿಗೂ ತಿಳಿಯುವಂಥದ್ದಲ್ಲ. ದಿನಾ ಬೆಳಗ್ಗೆ ಎದ್ದು ಚಿಪ್ಪಿನಲ್ಲಿದ್ದ ಸಾಬೂನನ್ನು ನೆಕ್ಕಿ ನೋಡುತ್ತಿದ್ದಳು. ನಾಲಿಗೆ ಚುರ್ ಎಂದರೆ ಅದು ಇನ್ನೂ ಹಸಿ. ಚುರ್ ಎನ್ನದಿದ್ದರೆ ಮಾಗಿದೆ. ಬೆರಳಿನಿಂದ ಮುಟ್ಟಿ ನೋಡಬಾರದೇ ಎಂದು ಅತ್ತೆ ಕೇಳಿದರೆ, ಮನುಷ್ಯ ಮಿಂದು ಬಟ್ಟೆ ಉಡುತ್ತಾನೆ ಅತ್ತೆ, ನಾಯಿ ಮಿಂದು ಮೈ ನೆಕ್ಕುತ್ತದೆ ಎಂದಳು. ಅದರ ನಾಲಿಗೆಗೆ ಹೋಗುವುದು ಮೊದಲು ತನ್ನ ನಾಲಿಗೆಗೆ ಬರಲಿ ಎಂದಳು. ಬೀದಿಯ ಮಕ್ಕಳು ಅವಳಿಗೆ ಸಾಬೂನು ತಿನ್ನುವವಳು ಎಂದು ಹೆಸರಿಟ್ಟವು. ಅವಳು ಮಕ್ಕಳನ್ನೂ ಕರೆದು, ಬೇಕಾದರೆ ನೀವೂ ನೆಕ್ಕಿ ಎಂದಳು.

ಸಾಬೂನಿಗೆ ಅವಳು ಮಲ್ಲಿಗೆ, ಗಂಧ ಏನನ್ನೂ ಬೆರೆಸುತ್ತಿರಲಿಲ್ಲ. ನಾಯಿ ಊರನ್ನು ಮೂಗಿನಿಂದ ನೋಡುತ್ತದೆ, ಅದರ ಮೈಗೆ ಗಂಧ ಹಚ್ಚುವುದೂ ಒಂದೇ, ನಮ್ಮ ಕಣ್ಣಿಗೆ ಬಟ್ಟೆ ಕಟ್ಟುವುದೂ ಒಂದೇ ಎನ್ನುತ್ತಿದ್ದಳು. ಕೊಳ್ಳಲು ಒಬ್ಬರೇ ಬಂದವರನ್ನು ಹಿಂದಕ್ಕೆ ಕಳಿಸುತ್ತಿದ್ದಳು. ಮೈ ಯಾರದೋ ಅವರನ್ನು ಕರೆದುಕೊಂಡು ಬಾ ಎನ್ನುತ್ತಿದ್ದಳು. ಕರೆತಂದರೆ ನಾಯಿಗೆ ಬಹುವಚನ, ಒಡೆಯನಿಗೆ ಏಕವಚನ. "ನೀವು ಬನ್ನಿ, ಹೀಗೆ ನೆರಳಿಗೆ ಕೂತುಕೊಳ್ಳಿ," ಎಂದು ನಾಯಿಯನ್ನು ಕೂರಿಸುವಳು. "ನೀನು ಅತ್ತ ನಿಲ್ಲು, ಬೆವರು ನಾರುತ್ತೀಯ," ಎಂದು ಒಡೆಯನನ್ನು ಬೇಲಿಯಾಚೆ ನಿಲ್ಲಿಸುವಳು. ಆಮೇಲೆ ಸಾಬೂನನ್ನು ನಾಯಿಯ ಮೂಗಿನ ಮುಂದೆ ಹಿಡಿದು ಕಾಯುವಳು. ಅದು ಮುಖ ತಿರುಗಿಸಿದರೆ ಮುಗಿಯಿತು. ಅವರಿಗೆ ಬೇಡವಂತೆ, ಹೋಗಿ ಬಾ. ಒಮ್ಮೆ ಊರ ಗೌಡತಿಯ ಬೆಕ್ಕು ಮುಖ ತಿರುಗಿಸಿತು. ಗೌಡತಿ ಎಷ್ಟು ಬೇಡಿಕೊಂಡರೂ ಬರಿಗೈಯಲ್ಲೇ ಹೋಗಬೇಕಾಯಿತು. ದೀಪಾವಳಿಯ ಎಣ್ಣೆಸ್ನಾನದ ದಿನ ಮನೆಯವರೆಲ್ಲ ಮಿಂದು ಹೊಸ ಬಟ್ಟೆ ಉಟ್ಟು ಎಲೆಯ ಮುಂದೆ ಕಾದಿದ್ದರೆ, ಇವಳು ಇನ್ನೂ ಬೀದಿನಾಯಿಗಳಿಗೆ ನೀರು ಹೊಯ್ಯುತ್ತಿದ್ದಳು. ನಾಯಿಗಳು ಚೊಕ್ಕವಾದವು, ಸೊಸೆಯೇ ಬಾಕಿ ಎಂದು ಅತ್ತೆ ಅಂದಳು.

ಇಂಥವಳನ್ನು ಕಂಡು ಯಾರಿಗಾದರೂ ಹೊಟ್ಟೆ ಉರಿಯುತ್ತದೆಯೇ? ಮೊದಮೊದಲು ಹಿರಿಯವಳಿಗೂ ಉರಿಯಲಿಲ್ಲ. ನಗು ಬರುತ್ತಿತ್ತು. ಹುಚ್ಚಿ, ಪಾಪ ಎಂದು ಮರುಕವೂ ಆಗುತ್ತಿತ್ತು. ನಮಗಿಂತ ಕೆಳಗಿದ್ದಾಳೆ ಎಂದು ನಂಬಿದವಳ ಮೇಲೆ ಮರುಕ ತೋರಿಸುವುದು ಖರ್ಚಿಲ್ಲದ ದಾನ.

ಸಾಬೂನಿಗೆ ಬೇಕಾದ ಬೂದಿಯನ್ನೂ ಹಿರಿಯವಳೇ ಕೊಡುತ್ತಿದ್ದಳು. ಬೀದಿಯ ಮಿಕ್ಕ ಮನೆಗಳಲ್ಲಿ ಬೆರಣಿ ಉರಿಸುತ್ತಿದ್ದರು. ಬೆರಣಿಯ ಬೂದಿ ಪಾತ್ರೆ ತಿಕ್ಕಲು ಆಗುತ್ತದೆ, ಸಾಬೂನಿಗೆ ಅದರ ಸತ್ವ ಸಾಲದು. ಹುಣಸೆ, ಜಾಲಿಯ ಗಟ್ಟಿ ಕಟ್ಟಿಗೆ ದಿನವಿಡೀ ಉರಿಯುತ್ತಿದ್ದದ್ದು ದೊಡ್ಡ ಒಲೆಯಲ್ಲಿ ಮಾತ್ರ. ಕಿರಿಯವಳು ತಾನಾಗಿ ಒಲೆಗೆ ಕೈ ಹಾಕುತ್ತಿರಲಿಲ್ಲ. ಒಲೆ ಅಕ್ಕನದು ಎಂದು ಮುರುಕು ಮಡಕೆ ಹಿಡಿದು ಹೊಸ್ತಿಲಾಚೆ ನಿಲ್ಲುತ್ತಿದ್ದಳು. ದೀಪ ಹಚ್ಚಿದ ಮೇಲೆ ಒಲೆಯದನ್ನು ಆಚೆ ಕೊಡಬಾರದು. ಅದಕ್ಕೇ ಬೆಳಗ್ಗೆ ಒಲೆ ಸಾರಿಸುವ ಮುಂಚೆ ಹಿರಿಯವಳು ಬೂದಿ ಬಾಚಿ ಅವಳ ಮಡಕೆಗೆ ಹಾಕುತ್ತಿದ್ದಳು. ಹಾಕುವಾಗ, ತಗೋ ನಿನ್ನ ಐಶ್ವರ್ಯ ಎಂದು ನಗುತ್ತಿದ್ದಳು.

ಆ ನಗು ನಿಂತದ್ದು ಒಂದೇ ಮಾತಿಗೆ.

ಒಂದು ದಿನ ಮುಂಬಾಗಿಲಲ್ಲಿ ಗಾಡಿ ನಿಂತಿತು. ಉಣ್ಣಲು ಬಂದವನಿರಬೇಕು ಎಂದು ಹಿರಿಯವಳು ಕೈ ಒರೆಸಿಕೊಳ್ಳುತ್ತ ಬಂದಳು. ಗಾಡಿಯವನು ಕೈ ಮುಗಿದು, "ಅವ್ವಾ, ನಾಯಿ ಸಾಬೂನಿನ ಮನೆ ಇದೇ ಅಲ್ಲವಾ?" ಎಂದ.

ಇದು ದೊಡ್ಡ ಒಲೆಯ ಮನೆ ಎಂದಳು ಅವಳು.

"ಇರಬಹುದವ್ವ. ನನಗೆ ನಾಯಿ ಸಾಬೂನಿನ ಮನೆ ಬೇಕಾಗಿತ್ತು," ಎಂದು ಅವನು ಎತ್ತನ್ನು ಬಿಚ್ಚಿ ಹಿಡಿದುಕೊಂಡು, ಸುತ್ತು ಹಾಕಿ ಹಿತ್ತಿಲಿಗೆ ಹೋದ.

ಅವತ್ತು ಒಲೆಯ ಮುಂದೆ ಕೂತವಳಿಗೆ ಒಲೆಗಿಂತ ತಾನೇ ಹೆಚ್ಚು ಉರಿಯುತ್ತಿದ್ದೇನೆ ಅನ್ನಿಸಿತು. ಹೊಟ್ಟೆಕಿಚ್ಚು ಒಮ್ಮೆ ಹೊತ್ತಿದರೆ ಸೌದೆಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಹಿತ್ತಿಲಿಂದ ನಗು ಕೇಳಿದರೆ ಅದು ತನ್ನ ಮೇಲಿನ ನಗು. ಕಿರಿಯವಳು ಸುಮ್ಮನಿದ್ದರೆ ಅದು ಗರ್ವ. ಅತ್ತೆಯ ಬೆಕ್ಕಿನ ಚಿಗಟ ಹೋಗಿ, ಸಣ್ಣವಳ ಕೈಗುಣ ಒಳ್ಳೆಯದು ಎಂದು ಅತ್ತೆ ಅಂದದ್ದೇ ತಡ, ಇಷ್ಟು ವರ್ಷ ಉಂಡ ಬಾಯಿಗೆ ತನ್ನ ಕೈಗುಣ ಒಂದು ದಿನ ನೆನಪಾಯಿತೇ ಎಂದು ಹಿರಿಯವಳು ಪಾತ್ರೆಗಳನ್ನು ಕುಕ್ಕಿದಳು. ಎಲೆ ಹಾಕಿ, ಬಡಿಸಿ, ಬೇಡವೆಂದರೂ ಮತ್ತೆ ಬಡಿಸಿ ತಾನು ಗಳಿಸಿದ ಪ್ರೀತಿಯನ್ನು ಇವಳು ಜನರನ್ನು ಬೇಲಿಯಾಚೆ ನಿಲ್ಲಿಸಿ, ಬೈದು ಗಳಿಸುತ್ತಾಳಲ್ಲ. ಅದು ಅವಳಿಗೆ ಅರ್ಥವೇ ಆಗಲಿಲ್ಲ.

ಅದರ ಮೇಲೆ ನಾಯಿ. ಮೊದಲು ಅದು ಬೆಳಗಿನ ಅನ್ನ ತಿಂದು ಹಿತ್ತಿಲಿಗೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿತ್ತು. ಆಮೇಲೆ ಮಧ್ಯಾಹ್ನಕ್ಕೂ ಬರಲಿಲ್ಲ. ಹೊಸ್ತಿಲು ಬರಿದಾಯಿತು. ಅವಳು ಕರೆದರೆ ತಿರುಗಿ ನೋಡಿ ಬಾಲ ಅಲ್ಲಾಡಿಸುತ್ತಿತ್ತು, ಏಳುತ್ತಿರಲಿಲ್ಲ. ಮರೆತೇಬಿಟ್ಟಿದ್ದರೆ ಅನ್ನದ ಋಣ ಇಲ್ಲದ ನಾಯಿ ಎಂದು ಬೈದು ಸುಮ್ಮನಾಗಬಹುದಿತ್ತು. ಬಾಲ ಅಲ್ಲಾಡಿಸಿ ಅಲ್ಲೇ ಮಲಗುವುದನ್ನು ಏನೆಂದು ಬೈಯುವುದು?

ಒಂದು ದಿನ ಅವಳು ಹಿತ್ತಿಲ ಗೋಡೆಗೆ ಕಿವಿ ಕೊಟ್ಟು ನಿಂತಳು. ಯಾರೋ ಕಿರಿಯವಳನ್ನು ಹೊಗಳುತ್ತಿದ್ದರು. ಕಿರಿಯವಳು, ಇದು ನನ್ನ ಸಾಬೂನಲ್ಲ, ನಮ್ಮ ಅಕ್ಕನ ಒಲೆಯ ಸಾಬೂನು, ಆ ಬೂದಿ ಇಲ್ಲದಿದ್ದರೆ ನಾನು ಬರೀ ಎಣ್ಣೆ ಕೈಯವಳು ಎನ್ನುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕರಗಿಬಿಡುತ್ತಿದ್ದರು. ಹಿರಿಯವಳಿಗೆ ಇನ್ನೂ ಉರಿಯಿತು. ಕಿತ್ತುಕೊಂಡವಳನ್ನು ಬೈಯಬಹುದು. ಹೊಗಳಿಕೆಯಲ್ಲೂ ಪಾಲು ಕೊಟ್ಟು ತಾನೇ ದೊಡ್ಡವಳಾಗುವವಳನ್ನು ಏನು ಮಾಡುವುದು? ಅಷ್ಟು ಮಾತಿನಲ್ಲಿ ಅವಳು ಹೆಕ್ಕಿಕೊಂಡದ್ದು ಒಂದು ಚೂರು ಮಾತ್ರ. ಆ ಬೂದಿ ಇಲ್ಲದಿದ್ದರೆ.

ಮರುದಿನದಿಂದ ಅವಳು ಒಲೆಯನ್ನು ಪೂರ್ತಿ ಉರಿಯಲು ಬಿಡಲಿಲ್ಲ. ಎಸರು ಕುದಿ ಬಂದ ಕೂಡಲೇ ಕಟ್ಟಿಗೆಗಳನ್ನು ಅರ್ಧಕ್ಕೆ ಎಳೆದು ನೀರು ಚಿಮುಕಿಸುತ್ತಿದ್ದಳು. ಕರಿಯ ಕೊಳ್ಳಿಗಳು ಚುಂಯ್ ಎಂದು ಹೊಗೆಯಾಡಿ ಆರುತ್ತಿದ್ದವು. ಅವನ್ನು ಮೂಲೆಯಲ್ಲಿ ಒಟ್ಟುತ್ತಿದ್ದಳು. ಒಲೆಯಲ್ಲಿ ಬೂದಿಯ ಬದಲು ಇದ್ದಿಲ ಚೂರು ಉಳಿಯುತ್ತಿತ್ತು. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟವರ ಮಾತು ಕೇಳಿದ್ದೀಯ. ಇವಳು ವಾರಗಿತ್ತಿಯ ಮೇಲಿನ ಸಿಟ್ಟಿಗೆ ಮನೆಯ ಬೆಂಕಿಯನ್ನೇ ಆರಿಸಿದಳು.

ಬೆಳಗ್ಗೆ ಕಿರಿಯವಳು ಮಡಕೆ ಹಿಡಿದು ಹೊಸ್ತಿಲಲ್ಲಿ ನಿಂತಳು. ಒಲೆ ನೋಡಿದಳು. ಮೂಲೆಯ ಕೊಳ್ಳಿ ನೋಡಿದಳು. ಕೊನೆಗೆ ಅಕ್ಕನ ಬೆರಳು ನೋಡಿದಳು. ಗೆಣ್ಣಿನವರೆಗೂ ಮಸಿ.

"ಅಕ್ಕ, ಇವತ್ತು ಬೂದಿ ಇಲ್ಲವಾ?"

"ಕಟ್ಟಿಗೆ ಹಸಿ. ಬೂದಿ ಬಿಡು ಅಂತ ಕಟ್ಟಿಗೆಗೆ ನಾನು ಹೇಳಲಾ? ನಂಬಿಕೆ ಇಲ್ಲದಿದ್ದರೆ ನೀನೇ ನೆಕ್ಕಿ ನೋಡು."

ಕಿರಿಯವಳು ಬರಿ ಮಡಕೆ ಹಿಡಿದು ಹೋದಳು. ಹಿರಿಯವಳು ಕೈ ತೊಳೆದಳು. ಕೊಳ್ಳಿಯ ಮಸಿ ಬರಿ ನೀರಿಗೆ ಹೋಗುವುದಿಲ್ಲ. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಹಿತ್ತಿಲ ಚಿಪ್ಪುಗಳು ಒಂದೊಂದೇ ಬರಿದಾದವು. ನಾಯಿ ಹಿಡಿದು ಬಂದವರು ಹಾಗೇ ತಿರುಗಿ ಹೋಗುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಅವಳಿಗೆ ಅದು ಹಬ್ಬದ ವಾಲಗದಂತೆ ಕೇಳಿಸಿತು. ಆದರೆ ಅರ್ಧ ಉರಿದ ಒಲೆಯಲ್ಲಿ ಅಡುಗೆ ಪೂರ್ತಿ ಬೇಯುವುದು ಎಲ್ಲಿಂದ? ಬೇಳೆ ಹಲ್ಲಿಗೆ ಸಿಕ್ಕಿತು. ಅನ್ನ ನುಚ್ಚಿನಂತೆ ಕಡಿಯಿತು. "ನಿನ್ನ ಅನ್ನ ಎಲೆಗೆ ಬಂದ ಮೇಲೂ ಮಾತಾಡುತ್ತದೆ ಕಣೆ. ಅದು ಬಾಯಿ ಮುಚ್ಚುವವರೆಗಾದರೂ ಬೇಯಿಸಬಾರದಾ?" ಎಂದಳು ಅತ್ತೆ. ದಾರಿಹೋಕರು ಒಂದು ಸಲ ಉಂಡು, ಮುಂದಿನ ಸಲ ಬೇರೆ ಬೀದಿ ಹಿಡಿದರು. ನಾಯಿ ಸಾಬೂನಿನ ಮನೆ ಯಾವುದು ಎಂದು ಈಗ ಯಾರೂ ಕೇಳುತ್ತಿರಲಿಲ್ಲ. ದೊಡ್ಡ ಒಲೆಯ ಮನೆ ಯಾವುದು ಎಂದೂ ಕೇಳುತ್ತಿರಲಿಲ್ಲ.

ಹಿರಿಯವಳು ಅದಕ್ಕೂ ಸಿದ್ಧಳಾಗಿದ್ದಳು. ತನ್ನ ಒಂದು ಕಣ್ಣು ಹೋದರೂ ಎದುರಾಳಿಯ ಎರಡು ಕಣ್ಣು ಹೋಗಲಿ ಎನ್ನುತ್ತಾರಲ್ಲ, ಹಾಗೆ. ಕಣ್ಣು ಹೋದದ್ದು ಮಾತ್ರ ಮೂರನೆಯವರದು.

ಮಳೆ ಹಿಡಿದಾಗ ಅವಳ ನಾಯಿಗೆ ಕಜ್ಜಿ ಹತ್ತಿತು. ಬೆನ್ನ ಮೇಲಿನ ಕೂದಲು ಉದುರಿತು. ಕೆರೆದು ಕೆರೆದು ಮೈಯೆಲ್ಲ ಗಾಯವಾಯಿತು. ನೋವಾದ ಮೇಲೆ ಅದು ತನ್ನ ಹಳೆಯ ಜಾಗ ಹುಡುಕಿಕೊಂಡು ಹೊಸ್ತಿಲಿಗೆ ಬಂದು ಮಲಗಿತು. ಬಂತಲ್ಲ ಎಂದು ಹಿರಿಯವಳ ಎದೆ ಅರಳಿತು. ತನ್ನ ನಾಯಿಗೆ ಕಜ್ಜಿ ಬಂತೆಂದು ಸಂತೋಷಪಟ್ಟವಳು ಈ ಭೂಮಿಯ ಮೇಲೆ ಅವಳೊಬ್ಬಳೇ ಇರಬೇಕು.

ಯಾರ ಹಂಗೂ ಬೇಡ, ನಾನೇ ವಾಸಿ ಮಾಡುತ್ತೇನೆ ಎಂದುಕೊಂಡಳು. ಪೇಟೆಯಿಂದ ಮಲ್ಲಿಗೆ ಪರಿಮಳದ ಸಾಬೂನು ತರಿಸಿ ನಾಯಿಗೆ ತಿಕ್ಕಿ ತಿಕ್ಕಿ ಮೀಯಿಸಿದಳು. ನಾಯಿ ಕಿರುಚಿ ಕೈ ತಪ್ಪಿಸಿಕೊಂಡು ಓಡಿ ಮಣ್ಣಿನಲ್ಲಿ ಹೊರಳಾಡಿತು. ಆಮೇಲೆ ಕೂತು ಮೈ ನೆಕ್ಕಿತು. ನೆಕ್ಕಿದ್ದನ್ನೆಲ್ಲ ಕಾರಿಕೊಂಡಿತು. ಮರುದಿನಕ್ಕೆ ಗಾಯಗಳು ಕೆಂಪಾಗಿ ಒಸರತೊಡಗಿದವು. ಅವಳು ಹತ್ತಿರ ಹೋದರೆ, ಕೈಯಲ್ಲಿದ್ದ ಮಲ್ಲಿಗೆ ವಾಸನೆಗೇ ಅದು ಕಣಜದ ಸಂದಿಗೆ ತೂರಿಕೊಳ್ಳುತ್ತಿತ್ತು. ಹಿತ್ತಿಲಲ್ಲಿದ್ದಾಗ ಕರೆದರೆ ಬಾಲವನ್ನಾದರೂ ಅಲ್ಲಾಡಿಸುತ್ತಿತ್ತು. ಈಗ ಅದೂ ಇಲ್ಲ.

ಕಜ್ಜಿ ಬೀದಿಗೆಲ್ಲ ಹರಡುತ್ತದೆ ಎಂದು ನೆರೆಹೊರೆಯವರು ಬಂದು ಕೂತರು. ಸಂತೆಯ ದಿನ ಗಾಡಿ ಹೋಗುತ್ತದಲ್ಲ, ಅದರಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬರಲಿ ಎಂದು ಅತ್ತೆ ತೀರ್ಮಾನ ಮಾಡಿದಳು. ಗಾಡಿಯ ಹಿಂದೆ ಓಡಿ ಬಂದ ನಾಯಿ ಗಾಡಿಯಲ್ಲೇ ಹೋಗುವುದೆಂದಾಯಿತು.

ಆಗ ಹಿರಿಯವಳು ಹಿತ್ತಿಲಿಗೆ ಹೋದಳು. ಕಿರಿಯವಳು ಬಂದ ಮೇಲೆ ಅವಳು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಕಿರಿಯವಳು ಬರಿ ಮಡಕೆಯ ಪಕ್ಕದಲ್ಲಿ ಕೂತು ಬೀದಿನಾಯಿಯೊಂದಕ್ಕೆ ಬರಿ ಎಣ್ಣೆ ಸವರುತ್ತಿದ್ದಳು. ಚಿಪ್ಪುಗಳೆಲ್ಲ ಖಾಲಿಯಾಗಿದ್ದವು. ಬೇಡಲು ಬಂದವಳು ಬೇಡಬೇಕು. ಆದರೆ ಅವಳ ನಾಲಿಗೆಗೆ ಅಭ್ಯಾಸ ಬೇರೆ ಇತ್ತು. ಊರಿನ ನಾಯಿಗಳಿಗೆಲ್ಲ ಹಂಚಿದೆ, ಮನೆಯ ನಾಯಿಗೆಂದು ಒಂದು ಚೂರು ಎತ್ತಿಡಬಾರದಿತ್ತಾ ಎಂದು ಜಗಳಕ್ಕೇ ನಿಂತಳು.

ಕಿರಿಯವಳು ಅಕ್ಕನ ಕೈ ನೋಡಿದಳು. ಹಿರಿಯವಳೂ ತನ್ನ ಕೈ ನೋಡಿಕೊಂಡಳು. ಈ ಸಲ ಅದನ್ನು ಸೆರಗಿನೊಳಗೆ ಎಳೆದುಕೊಳ್ಳಲಿಲ್ಲ.

"ಕಟ್ಟಿಗೆ ಹಸಿ ಇರಲಿಲ್ಲ," ಎಂದಳು.

"ಗೊತ್ತು ಅಕ್ಕ."

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?"

"ಕೇಳಿದ್ದರೆ ನೀನು ಇನ್ನೊಂದು ಚೊಂಬು ನೀರು ಹಾಕುತ್ತಿದ್ದೆ."

ಅದು ನಿಜವಾಗಿತ್ತು. ಹಿರಿಯವಳು ಕಟ್ಟೆಯ ಮೇಲೆ ಕೂತಳು. "ನಿನ್ನನ್ನು ಕಂಡರೆ ನನಗೆ ಉರಿಯುತ್ತದೆ. ಈಗಲೂ ಉರಿಯುತ್ತಿದೆ. ಏನು ಮಾಡಲಿ?"

"ಉರಿಯಲಿ ಬಿಡು ಅಕ್ಕ. ಅರ್ಧಕ್ಕೆ ಎಳೆದದ್ದು ಕೊಳ್ಳಿ, ಕೈಗೆ ಮಸಿ ಹತ್ತಿಸುತ್ತದೆ. ಪೂರ್ತಿ ಉರಿದದ್ದು ಬೂದಿ, ಮೈ ತೊಳೆಯುತ್ತದೆ. ನನಗೆ ಬೂದಿ ಬೇಕು."

ಕಿರಿಯವಳು ಕಟ್ಟಿಗೆಯ ಮಾತನ್ನೇ ಆಡಿದಳು. ಅವಳಿಗೆ ಬೇರೆ ಮಾತು ಬರುತ್ತಿರಲಿಲ್ಲ.

ಹಿರಿಯವಳು ಒಳಗೆ ಹೋಗಿ ಮೂಲೆಯಲ್ಲಿ ಒಟ್ಟಿದ್ದ ಕೊಳ್ಳಿಗಳನ್ನೆಲ್ಲ ಒಲೆಗೆ ತುಂಬಿದಳು. ಬೆಂಕಿ ಹಿಡಿಯಿತು. ಎಸರು ಕುದಿ ಬಂದ ಕೂಡಲೇ ಅವಳ ಕೈ ತಾನಾಗಿ ಕಟ್ಟಿಗೆಯ ಕಡೆ ಹೋಯಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಗಾಡಿಯವನ ಮಾತು ನೆನಪಾಯಿತು, ಉರಿಯಿತು. ಹಿತ್ತಿಲ ನಗು ನೆನಪಾಯಿತು, ಉರಿಯಿತು. ಅತ್ತೆ ಹೇಳಿದ ಕೈಗುಣ ನೆನಪಾಯಿತು. ಅದು ಎಲ್ಲಕ್ಕಿಂತ ಹೆಚ್ಚು ಹೊತ್ತು ಉರಿಯಿತು. ನಗು ತನ್ನ ಮೇಲಿನದಲ್ಲ ಎಂದು ಅವಳು ಸಮಾಧಾನ ಹೇಳಿಕೊಳ್ಳಲಿಲ್ಲ, ಕಿರಿಯವಳನ್ನು ಶಪಿಸಲೂ ಇಲ್ಲ. ಸುಮ್ಮನೆ ಕೂತಳು. ಕಟ್ಟಿಗೆ ಕೆಂಡವಾಯಿತು, ಕೆಂಡಕ್ಕೆ ಬಿಳಿ ಪೊರೆ ಬಂತು, ಪೊರೆಯೊಳಗಿನ ಕೆಂಪೂ ಹೋಯಿತು. ಅವತ್ತು ಬೇಳೆ ಬೆಣ್ಣೆಯಂತೆ ಬೆಂದಿತ್ತು. ಅತ್ತೆ ಎರಡನೇ ಸಲ ಹಾಕಿಸಿಕೊಂಡಳು. ಹೊಗಳಲಿಲ್ಲ. ಹಿರಿಯವಳು ಅದನ್ನು ಗಮನಿಸಲೂ ಇಲ್ಲ.

ಬೆಳಗ್ಗೆ ಕಿರಿಯವಳು ಹೊಸ್ತಿಲಿಗೆ ಬರುವ ಮೊದಲೇ ಅವಳು ಬೂದಿ ಬಾಚಿಕೊಂಡು ಹಿತ್ತಿಲಿಗೆ ಹೋದಳು. ಬೂದಿ ಮಲ್ಲಿಗೆಯಂತೆ ಬೆಳ್ಳಗಿತ್ತು. ಐಶ್ವರ್ಯದ ಮಾತು ಈ ಸಲ ಆಡಲಿಲ್ಲ.

ಬೂದಿನೀರು ಇಳಿಯಿತು, ಎಣ್ಣೆ ಕಾಯಿತು, ಸಾಬೂನು ಚಿಪ್ಪು ಸೇರಿತು. ಆದರೆ ಸಾಬೂನು ಮಾಗಬೇಕು. ಸಂತೆಯ ದಿನ ಹತ್ತಿರ ಬರುತ್ತಿತ್ತು. ಹಿರಿಯವಳಿಗೆ ತಡೆಯಲಾಗಲಿಲ್ಲ. ಬೆಳಗಾದರೆ ಹಿತ್ತಿಲಿಗೆ ಓಡಿ ಚಿಪ್ಪಿಗೆ ನಾಲಿಗೆ ಚಾಚುತ್ತಿದ್ದಳು. ಚುರ್ ಎನ್ನುತ್ತಿತ್ತು. ಬೇಲಿಯಾಚೆ ನೀರಿಗೆ ಹೋಗುವ ಹೆಂಗಸರು ಕೊಡ ಇಳಿಸಿ ನಿಂತು ನೋಡಿದರು. ಒಬ್ಬಳು ಸಾಲದೆಂದು ಇಬ್ಬರಾದರು ಎಂದು ಅತ್ತೆ ಹಣೆ ಚಚ್ಚಿಕೊಂಡಳು.

ಸಂತೆಯ ದಿನವೂ ಸಾಬೂನು ಚುರ್ ಎಂದಿತು.

ಗಾಡಿ ಬಂದು ನಿಂತಿತು. ನಾಯಿಯನ್ನು ಗೋಣಿಯಲ್ಲಿ ಸುತ್ತಿ ತಂದರು. ಹಿರಿಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಹಿಂದೆ ಹೋಗಿ ನಿಂತಳು. ಇದೇನೇ ಎಂದು ಅತ್ತೆ ಕೇಳಿದಳು.

"ನಾನು ಈ ಮನೆಗೆ ಬರುವಾಗ ಇದು ಗಾಡಿಯ ಹಿಂದೆ ಓಡಿ ಬಂತು. ಈಗ ಇದು ಹೋಗುವಾಗ ನಾನು ಹಿಂದೆ ಓಡುತ್ತೇನೆ. ಲೆಕ್ಕ ಸರಿಹೋಗಲಿ," ಎಂದಳು.

ಮನೆಯ ಸೊಸೆ ಸಂತೆಗಾಡಿಯ ಹಿಂದೆ ಓಡುವುದನ್ನು ಊರು ನೋಡುವುದು ಅತ್ತೆಗೆ ಬೇಡವಾಗಿತ್ತು. ಗೋಣಿ ಬಿಚ್ಚಿಸಿದಳು. ಗಾಡಿ ಖಾಲಿ ಹೋಯಿತು.

ಅದಾದ ಮೇಲೆ ಒಂದು ಬೆಳಗ್ಗೆ ಹಿರಿಯವಳು ಚಿಪ್ಪು ನೆಕ್ಕಿದಾಗ ನಾಲಿಗೆ ಸುಮ್ಮನಿತ್ತು. ನಂಬಿಕೆ ಬಾರದೆ ಮತ್ತೊಮ್ಮೆ ನೆಕ್ಕಿದಳು. ಸಾಬೂನು ತೆಗೆದುಕೊಂಡು ಹೋಗಿ ಕಣಜದ ಸಂದಿಯ ಮುಂದೆ ಕೂತು, ಕೈ ಚಾಚಿ ಹಿಡಿದಳು. ನಾಯಿ ಬಹಳ ಹೊತ್ತು ಮೂಸಿತು. ಸಾಬೂನನ್ನು ಮೂಸಿತು, ಹಿಡಿದ ಬೆರಳುಗಳನ್ನು ಮೂಸಿತು. ಮುಖ ತಿರುಗಿಸಲಿಲ್ಲ. ಹಿಂದೆ ನಿಂತಿದ್ದ ಕಿರಿಯವಳು, ಒಪ್ಪಿದ್ದಾರೆ ಎಂದಳು.

ಇಬ್ಬರೂ ಸೇರಿ ನಾಯಿಯನ್ನು ಮೀಯಿಸಿದರು. ನೊರೆಯಲ್ಲಿ ನಾಯಿಯ ಕಜ್ಜಿಯ ಹಕ್ಕಳೆ ಹೋಯಿತು, ಹಿರಿಯವಳ ಬೆರಳ ಮಸಿಯೂ ಹೋಯಿತು. ಮತ್ತೆ ಮತ್ತೆ ಮೀಯಿಸಿದ ಮೇಲೆ ಕೆರೆತ ನಿಂತಿತು. ಬೆನ್ನಿನ ಮೇಲೆ ಸಣ್ಣ ಕೂದಲು ಚಿಗುರಿತು.

ಮೈ ಪೂರ್ತಿ ಗುಣವಾದ ದಿನ ನಾಯಿ ಎದ್ದು ಮೈ ಕೊಡವಿಕೊಂಡು ಹೊಸ್ತಿಲು ದಾಟಿತು. ನೇರವಾಗಿ ಹಿತ್ತಿಲಿಗೆ ಹೋಗಿ ಕಿರಿಯವಳ ಕಾಲಬುಡದಲ್ಲಿ ಮಲಗಿತು. ಹಿರಿಯವಳು ಅಡುಗೆಮನೆಯಿಂದ ಕರೆದಳು. ಅದು ತಿರುಗಿ ನೋಡಿ ಬಾಲ ಅಲ್ಲಾಡಿಸಿತು. ಏಳಲಿಲ್ಲ.

ಅವಳಿಗೆ ಉರಿಯಿತು. ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟು, ಅದು ಬೂದಿಯಾಗುವವರೆಗೂ ಕೂತಳು. ಬೆಳಗ್ಗೆ ಆ ಬೂದಿಯನ್ನು ಬಾಚಿ ಕೊಟ್ಟಳು. ಬದುಕಿರುವವರೆಗೂ ಹಿತ್ತಿಲಿಂದ ನಗು ಕೇಳಿದಾಗಲೆಲ್ಲ ಅವಳ ಹೊಟ್ಟೆ ಉರಿಯಿತು. ಬದುಕಿರುವವರೆಗೂ ಆ ಮನೆಯ ಬೂದಿ ಬೆಳ್ಳಗಿತ್ತು.

ಗುರುತಾಯಿ ಕತೆ ನಿಲ್ಲಿಸಿ ಮೊರದ ಕಾಳನ್ನು ಕೇರಿದರು. ಶಿಷ್ಯೆಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಆ ಕಿಚ್ಚು ಆರಲೇ ಇಲ್ಲವಲ್ಲ ತಾಯಿ. ನಾನು ಹೋಗಿ ಅವಳಿಗೆ ಏನೆಂದು ಹೇಳಲಿ?"

ಗುರುತಾಯಿ ಮೊರವನ್ನು ಕೆಳಗಿಟ್ಟರು. ಶಿಷ್ಯೆಯ ಕೈಗಳು ಇನ್ನೂ ಸೆರಗಿನೊಳಗೇ ಇದ್ದವು.

"ಮೊದಲು ನಿನ್ನ ಕೈ ತೋರಿಸು."